ಯಾವ ಕೈ ಕೊಟ್ಟಿರಿ?

ಕಿಡ್ನಿ ಎರಡೂ ಕೈಕೊಟ್ಟವು,
ಈಗ ನಾನೊಂದು ಕೈ ಕೊಡಬೇಕಂತೆ.
ತೋಳಿನಲ್ಲಿ ಎರಡು ನರ ಜೋಡಿಸಿ ಹೊಲಿಯುತ್ತಾರಂತೆ,
ದಪ್ಪ ಸೂಜಿಗೆ ದಾರಿಯಾಗಲಿ ಅಂತ.
"ಎಡಗೈಗೇ ಮಾಡೋಣ" ಅಂದರು ಡಾಕ್ಟರು,
ಕಡತದಿಂದ ತಲೆಯೆತ್ತದೆ,
"ಎಡಗೈಯಲ್ಲಿ ನಿಮಗೇನು ಅಂಥ ಕೆಲಸ?"

ಏನು ಕೆಲಸ!
ವಿರಾಜಪೇಟೆಯಲ್ಲಿ ಔಷಧಿ ಅಂಗಡಿಯ ಮಹಡಿ ಮೇಲೆ
ಇಪ್ಪತ್ತಾರು ವರ್ಷ ಕುಪ್ಯ ಹೊಲಿದವಳು ನಾನು.
ಬಲಗೈ ಗೆರೆ ಎಳೆಯುತ್ತದೆ, ಕತ್ತರಿ ಹಿಡಿಯುತ್ತದೆ,
ಹೆಸರೆಲ್ಲ ಅದಕ್ಕೆ.
ಬಟ್ಟೆಯನ್ನು ಸೂಜಿಯ ಬಾಯಿಗೆ ನಡೆಸುವುದು,
ಮದುಮಗನ ಬಿಳಿ ಕುಪ್ಯದಲ್ಲಿ ಒಂದು ಸುಕ್ಕೂ ಬಾರದಂತೆ
ಹಿಡಿದು, ಬಿಟ್ಟು, ಮತ್ತೆ ಹಿಡಿದು
ಕರಕೊಂಡು ಹೋಗುವುದು ಎಡಗೈ.
ಇದನ್ನು ಡಾಕ್ಟರಿಗೆ ಹೇಳಲಿಲ್ಲ.
ಹೊರಗೆ ಇನ್ನೂ ನಲವತ್ತು ಜನ ಕೂತಿದ್ದರು.

ಅದಕ್ಕೇ ಮಂಗಳವಾರ, ಮಡಿಕೇರಿಯಲ್ಲಿ,
ಡಯಾಲಿಸಿಸ್ ವಾರ್ಡಿನ ಹೊರಗಿನ ಬೆಂಚಿನಲ್ಲಿ
ಕುತ್ತಿಗೆಯ ನಳಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು
ಕೂತಿದ್ದವರನ್ನೇ ಕೇಳಿದೆ:
ನೀವೆಲ್ಲ ಯಾವ ಕೈ ಕೊಟ್ಟಿರಿ?

ಕೇಳಿದ್ದು ಒಂದು. ಬಂದದ್ದು ಒಂಬತ್ತು.

ಮೊಯ್ದು ಕಾಕನಿಗೆ ನೀರಿನದೇ ಮಾತು.
"ದಿನಕ್ಕೆ ಮುಕ್ಕಾಲು ಲೀಟರು ಅಂದಿದ್ದಾರೆ ನನಗೆ, ಕಾಫಿಯೂ ಸೇರಿ.
ನಿನ್ನದೆಷ್ಟು ಅಂತ ಕೇಳಿಕೋ.
ಲೋಟ ಬಿಡು, ಚಮಚದಲ್ಲಿ ಕುಡಿ,
ತಡೆಯದಿದ್ದರೆ ನಾಲಗೆ ಮೇಲೊಂದು ಐಸು ಚೂರು.
ಆಟಿ ತಿಂಗಳಲ್ಲಿ ಊರಿಡೀ ನೀರು,
ನಮಗೆ ಮಾತ್ರ ರೇಷನ್ನು!"
ಆಮೇಲೆ ದನಿ ತಗ್ಗಿಸಿ:
"ನಾಟಿ ಮದ್ದು ಅಂತ ಓಡಬೇಡ. ನಾನು ಓಡಿದೆ, ಮೂರು ತಿಂಗಳು.
ಕಾಲು ಬೂದುಗುಂಬಳವಾಯಿತು.
ಎಷ್ಟು ದುಡ್ಡು ಹೋಯಿತು ಅಂತ
ಮನೆಯವಳಿಗೆ ಈಗಲೂ ಹೇಳಿಲ್ಲ."

ಚುಬ್ರನಿಗೆ ಮೂವತ್ತೂ ಆಗಿಲ್ಲ.
ಸಿದ್ದಾಪುರದ ಕಡೆ ಕರೆಂಟು ಕಂಬ ಹತ್ತುತ್ತಿದ್ದವನು.
"ಬಲಗೈ" ಅಂದ. "ನಾನು ಎಡಚ.
ಅವರು ಕೇಳಲಿಲ್ಲ, ನಾನೇ ಹೇಳಿದೆ.
ಹೇಳಬೇಕು ಅಕ್ಕ."

ಮುದ್ದವ್ವ ಟೀಚರು ಉತ್ತರ ಕೊಡಲಿಲ್ಲ.
ಸ್ವೆಟರಿನ ತೋಳು ಮಡಚಿ ನನ್ನ ಮಡಿಲಿಗೇ ಕೈ ಚಾಚಿದರು:
ಬಳೆಯಿಲ್ಲದ ಕೈ, ಹಗ್ಗದ ಹಾಗೆ ಉಬ್ಬಿದ ನರ.
"ಮುಟ್ಟು."
ಮುಟ್ಟಿದೆ.
ಒಳಗೆ ಏನೋ ಗುಂಯ್‌ಗುಡುತ್ತಿತ್ತು.

"ನಮ್ಮಪ್ಪನ ಜೇನುಪೆಟ್ಟಿಗೆಗೆ ಕಿವಿಯಿಟ್ಟ ಹಾಗೆ, ಅಲ್ಲವಾ?"
"ಟ್ರಾನ್ಸ್‌ಫಾರ್ಮರು" ಅಂದ ಚುಬ್ರ.
ನಾನು ಏನೂ ಅನ್ನಲಿಲ್ಲ.
ಪೆಡಲಿನ ಮೇಲೆ ಪಾದವಿಟ್ಟು ಇನ್ನೂ ಪೂರ್ತಿ ಒತ್ತದಿರುವಾಗ
ನನ್ನ ಮೋಟಾರು ಹೀಗೇ ಗೊಣಗುತ್ತದೆ.

"ಎದ್ದ ಕೂಡಲೇ ಕಿವಿಗೆ ಹಿಡಿ, ಮಲಗುವಾಗ ಇನ್ನೊಮ್ಮೆ.
ಸದ್ದು ನಿಂತರೆ ಬಸ್ಸಿಗೆ ಕಾಯಬೇಡ,
ಯಾರ ಜೀಪಾದರೂ ಸರಿ, ಹತ್ತು.
ಬಿಪಿ ಪಟ್ಟಿ ಆ ಕೈಗೆ ಸುತ್ತಲು ಬಿಡಬೇಡ,
ಆ ಮಗ್ಗುಲಿಗೆ ಮಲಗಬೇಡ, ಕೊಡ ಎತ್ತಬೇಡ."
"ಹೊಲಿಯಬಹುದಾ?"
ಟೀಚರು ಸ್ವಲ್ಪ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡರು.
"ಹಲಗೆ ಮೇಲೆ ಬರೆದವಳು ನಾನು.
ಅದು ನನಗೆ ಗೊತ್ತಿಲ್ಲಮ್ಮ."

ಒಳಗಿಂದ ಹೆಸರು ಕೂಗಿದರು.
ಏಳುವಾಗ ಮೊಯ್ದು ಕಾಕ ಚೀಲಕ್ಕೆ ಕೈಹಾಕಿ
ಹಸಿರು ಬಿಡದ ಕಿತ್ತಳೆಯೊಂದನ್ನು ಕೊಟ್ಟರು.
"ತಿನ್ನಲಿಕ್ಕಲ್ಲ ಮಾರಾಯ್ತಿ, ನಮಗೆ ಆಗದು ಅದು.
ಆಪರೇಷನ್ನಾಗಿ ಡಾಕ್ಟರು ಹ್ಞೂಂ ಅಂದ ಮೇಲೆ ಹಿಸುಕು, ನರ ಬಲಿಯುತ್ತದೆ.
ಚೆಂಡಿಗೆ ಅರವತ್ತು ರೂಪಾಯಿ ಹೇಳುತ್ತಾರೆ ಪೇಟೆಯಲ್ಲಿ!"

ನಾಲ್ಕು ಗಂಟೆ ಅದನ್ನು ಹಿಡಿದೇ ಮಲಗಿದ್ದೆ.

ರಾತ್ರಿ ಅಳತೆ ಪುಸ್ತಕ ತೆಗೆದೆ.
ಪೊನ್ನಂಪೇಟೆ ಹುಡುಗನ ಎದೆ ನಲವತ್ತು, ಹೆಗಲು ಹದಿನೆಂಟು.
ಅದರ ಕೆಳಗೆ ನನ್ನದು:
ನೀರು ಎಷ್ಟು, ಕೇಳುವುದು.
ಎಡಗೈ, ಹೇಳುವುದು.
ಎರಡಕ್ಕೂ ಅಡಿಗೆರೆ ಎಳೆದೆ.

ಆಮೇಲೆ ಹಳೆಯ ಲಂಗದ ತುಂಡೊಂದನ್ನು
ಬಲಗೈಯಲ್ಲೇ ನಡೆಸಿ ನೋಡಿದೆ.
ಸೊಟ್ಟ. ಬಿಚ್ಚಿದೆ.
ಇನ್ನೊಮ್ಮೆ. ಕಡಿಮೆ ಸೊಟ್ಟ.

ಹುಡುಗನ ಬಿಳಿ ಬಟ್ಟೆ ಮಡಚಿಡುವಾಗ
ಬೆರಳಿನ ಕಿತ್ತಳೆ ವಾಸನೆ ಅದಕ್ಕೂ ಹತ್ತಿತು.
ಕೇಳಿದರೆ ಏನಂತ ಹೇಳಲಿ?