ಮೂಲದೇಶ

ಉಪ್ಪಳ ಸ್ಟೇಷನ್ನಿನ ಎದುರು, ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ
ನನಗೊಂದು ಮೇಜು ಉಂಟು. ಬಾಡಿಗೆ ಇಲ್ಲ.
ಅಂಗಡಿಯ ಮಮ್ಮುಂಞಿಗೆ ಮಲಯಾಳದ ಫಾರಮ್ಮು ಸಲೀಸು,
ಕನ್ನಡದವರು ಬಂದರೆ ನನ್ನ ಕಡೆ ಗಲ್ಲ ತೋರಿಸುತ್ತಾನೆ.
ಪಡಿತರ, ಪಿಂಚಣಿ, ಪಾಸ್‌ಪೋರ್ಟು,
ಯಾವ ಖಾನೆಗೂ ನಾನು ಹೆದರುವವಳಲ್ಲ.
ಇಪ್ಪತ್ತೊಂಬತ್ತು ವರ್ಷ ಮುಂಬಯಿಯ ಮೂರನೇ ಮಹಡಿಯಲ್ಲಿ
ಯುರೇನಿಯಮ್ಮಿನ ಫಾರಂ ತುಂಬಿದ್ದೇನೆ.

ನೋಡಿದ್ದೀರಾ ಅದನ್ನು, ಕೇಳುತ್ತಾರೆ.
ಇಲ್ಲ. ಅದರ ಕಾಗದ ನೋಡಿದ್ದೇನೆ.

ನಿನ್ನೆ ಹನ್ನೊಂದರ ಹೊತ್ತಿಗೆ ಸಾಳ್ವಿಯ ಫೋನು,
ನನ್ನ ಕುರ್ಚಿಯಲ್ಲಿ ಈಗ ಕೂರುವವಳು.
“ಬಾಯಿ, ಹಡಗು ನಿಂತಿದೆ.”
ಯಾವ ಬಂದರು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.
ಬಾಯಿ ಮುಚ್ಚಿರುತ್ತೇನೆಂದು ಹಾಕಿಕೊಟ್ಟ ಸಹಿಗೆ
ನಿವೃತ್ತಿಯ ವಯಸ್ಸಿಲ್ಲ.
ಇಷ್ಟು ಹೇಳಬಹುದು:
ಅದಿರು ಅಗೆದದ್ದು ಹುಲ್ಲುಗಾವಲಿನ ಒಂದು ದೇಶದಲ್ಲಿ,
ಅದನ್ನು ಅನಿಲ ಮಾಡಿದ್ದು ಇನ್ನೊಂದರಲ್ಲಿ,
ಅನಿಲವನ್ನು ಗಿರಗಿರ ತಿರುಗಿಸಿ
ಮೊಸರಿನಿಂದ ಬೆಣ್ಣೆ ತೆಗೆದ ಹಾಗೆ ತೆಗೆದದ್ದು ಮೂರನೆಯದರಲ್ಲಿ.
ಪರವಾನಗಿ ಬರೆದ ದಿನ ಮೂರೂ ಒಳ್ಳೆಯ ದೇಶಗಳು.
ಹೋದ ಮಂಗಳವಾರ ಅದರಲ್ಲೊಂದು ಕೆಟ್ಟಿತು.
ಯಾರದೋ ಗೆಜೆಟ್ಟಿನಲ್ಲಿ ಒಂದೂವರೆ ಸಾಲು.

ತಿದ್ದುಪಡಿಗೆ ಹಾಕಿದರೆ
‘ಕ್ರಮವಿಲ್ಲದೆ ವಾಪಸು’ ಎಂದು ಬಂತಂತೆ.
ನನ್ನ ಕಾಲದಲ್ಲೂ ಇದೇ ಮುದ್ರೆ, ನೇರಳೆ ಶಾಯಿ.
ಇಲ್ಲ ಅಂದರೆ ಮೇಲ್ಮನವಿ ಹಾಕಬಹುದು.
ಇಲ್ಲ ಅನ್ನಲಿಲ್ಲವಲ್ಲ!

ಪರವಾನಗಿಯ ಆಯಸ್ಸು ಹನ್ನೆರಡು ತಿಂಗಳು.
ಸಿಲಿಂಡರಿನೊಳಗೆ ಇರುವುದು ಅರ್ಧ ಸವೆಯುವುದಕ್ಕೇ
ನಾನೂರೈವತ್ತು ಕೋಟಿ ವರ್ಷ ಬೇಕು.
ಮಾರ್ಚ್ ಮೂವತ್ತೊಂದಕ್ಕೆ ನಿನ್ನ ಅವಧಿ ಮುಗಿಯಿತೆಂದು
ಅದಕ್ಕೆ ಹೇಳುವವರು ಯಾರು?

“ಅದಲುಬದಲು ಮಾಡಬಹುದಾ ಬಾಯಿ?
ಸಿಲಿಂಡರು ಇದ್ದಲ್ಲೇ ಇರಲಿ,
ಬೇರೆ ಗೋದಾಮಿನ ಸರಕಿನ ಊರನ್ನು ಇದಕ್ಕೆ ಬರೆದು
ಇದರ ಊರನ್ನು ಅದಕ್ಕೆ?”
ಮಾಡಿದ್ದುಂಟು, ಎರಡು ಸಲ.
ಈ ನಿಷೇಧದಲ್ಲಿ ಆ ಅರ್ಧ ಸಾಲು ಅದಕ್ಕೇ, ಓದಿ ನೋಡು, ಎಂದೆ.
ಆ ಕಡೆ ಕಾಗದ ಮಗುಚುವ ಸದ್ದು.

ಅಷ್ಟರಲ್ಲಿ ಐತ್ತಪ್ಪ ಬೆಳ್ಚಪ್ಪಾಡರು ಬಂದು ಕೂತರು.
ಶೇಂದಿ ಕೆಲಸದವರ ಪಿಂಚಣಿ, ವಿಲೇಜ್ ಆಫೀಸಿನಿಂದ
ಮೂರನೇ ಸಲ ಹಿಂದೆ ಬಂದದ್ದು.
ಫೋನನ್ನು ಹೆಗಲಿಗೆ ಸಿಕ್ಕಿಸಿ ಪೆನ್ನು ತೆಗೆದೆ.
ಹುಟ್ಟಿದ ಜಿಲ್ಲೆ?
“ದಕ್ಷಿಣ ಕನ್ನಡ. ಮದರಾಸು.”
ಶಾಲೆ?
“ಕಣ್ಣೂರು ಜಿಲ್ಲೆ. ಐದಕ್ಕೇ ಬಿಟ್ಟೆ.”
ಈಗ?
“ಕಾಸರಗೋಡು, ಮತ್ತೆಂತ.”
ಮಮ್ಮುಂಞಿಯ ಹುಡುಗ, ಹದಿನಾರು, ತಲೆಯೆತ್ತಿದ:
ಎಷ್ಟು ಮನೆ ಬದಲಾಯಿಸಿದ್ರಿ ಅಜ್ಜ?
“ಮನೆಯಾ? ಪೈವಳಿಕೆಯ ಅದೇ ಮನೆ.
ಬಾವಿ ಸಹ ಅದೇ.
ಜಿಲ್ಲೆಗಳು ಬಂದು ಬಂದು ಹೋದವು,
ನಾನು ಹೆಚ್ಚಿನ ಹೊತ್ತು ಮರದ ಮೇಲಿದ್ದೆ.”

ಫೋನಿನಲ್ಲಿ ಸಾಳ್ವಿ ಕಾಯುತ್ತಿದ್ದಾಳೆ.
ಮೂಲದೇಶ ಎಂಬ ಖಾನೆಯ ಅಗಲ ನನಗೆ ಗೊತ್ತು,
ಹೆಬ್ಬೆರಳಿನ ಉಗುರಿನಷ್ಟು.
ಒಂದು ಹೆಸರು ಹಿಡಿಸುತ್ತದೆ, ಅದೂ ಚಿಕ್ಕ ದೇಶವಾದರೆ.
ಮೂರನ್ನೂ ಬರೆ, ಎಂದೆ. ಅಡಗಿಸಬೇಡ.
ಪ್ರತ್ಯೇಕ ಹಾಳೆ ಲಗತ್ತಿಸಿದೆ ಎನ್ನು.
ಮರಾಠಿಯಲ್ಲಿ ಹೇಳಿದ್ದು, ಆದರೆ
ಐತ್ತಪ್ಪರು ತಲೆಯಾಡಿಸಿದರು, ತಮಗೇ ಹೇಳಿದೆನೆಂದು.
ಇಬ್ಬರದೂ ವಾಪಸು ಬರುತ್ತದೆ, ನನಗೆ ಗೊತ್ತು.
ಬರದೆಯೂ ಇರಬಹುದು. ಒಮ್ಮೆ ಬಂದಿರಲಿಲ್ಲ.

ಅವರ ಹಳೆಯ ಸರ್ಟಿಫಿಕೇಟಿನ ಪ್ರತಿ ತೆಗೆಯಲು ಕೊಟ್ಟೆ.
ಯಂತ್ರ ಹಾಳೆಯನ್ನು ಅರ್ಧ ಉಗುಳಿತು, ಕರೆಂಟು ಹೋಯಿತು.
ಹಡಗಿಗೂ ಇದಕ್ಕೂ ಸಂಬಂಧ ಇಲ್ಲ,
ಇದು ಕುಬಣೂರು ಸಬ್‌ಸ್ಟೇಷನ್ನಿನ ಹಳೇ ಕಾಯಿಲೆ.
ಮದರಾಸಿನ ದುಂಡು ಮುದ್ರೆ ಹೊರಗೆ,
ಅವರ ಹೆಸರು ಒಳಗೆ, ಇನ್ನೂ ಬಿಸಿ.
ಎಳೆಯಬೇಡಿ, ಹರಿಯುತ್ತದೆ, ಎಂದ ಹುಡುಗ.
ಕೂತೆವು.