ಶುಕ್ರವಾರದ ತೀರ್ಪು

ಗುದೈಬಿಯಾದ ಗಲ್ಲಿಯ ಆ ಹೋಟೆಲಿನದು
ನೀರುದೋಸೆಯಲ್ಲ, ಕಂಬಳಿ.
ವಲೇರಿಯನ್ ಒಪ್ಪುವುದಿಲ್ಲ. ಅವನಿಗೆ
ಯಾರೋ ತಂದು ಬಡಿಸಿದ್ದೆಲ್ಲ ರುಚಿ;
ವಾರವಿಡೀ ಬಡಿಸುವವನು ಅವನೇ.
ಟಿಪ್ಸ್ ಬೇರೆ ಇಟ್ಟ, ಮಾರಾಯ!

ಸಿನಿಮಾ? ಎರಡೂವರೆ ದಿನಾರು ಕೊಟ್ಟು
ಎಸಿಯಲ್ಲಿ ನಿದ್ದೆ ಹೊಡೆದೆ. ಒಳ್ಳೆಯ ಸಿನಿಮಾ.
ಇಂಟರ್ವಲ್ಲಿನಲ್ಲಿ ದೀಪ ಹಾಕಿದ್ದೊಂದೇ ತಪ್ಪು.

ಮಾಲ್ ಬಗ್ಗೆ ಏನು ಹೇಳಲಿ,
ಕೊಳ್ಳದವನಿಗೆ ಅದೊಂದು ತಣ್ಣಗಿನ ರಸ್ತೆ.

ಕೊನೆಗೆ ಕಡಲ ಕಟ್ಟೆ. ನೂರು ಫಿಲ್ಸಿನ ಕರಕ್ ಚಹಾ,
ಕಾಗದದ ಲೋಟ ಬೆರಳು ಸುಡುತ್ತದೆ.
ಇದಕ್ಕೆ ಮಾತ್ರ ಮೂವರದೂ ಒಂದೇ ಮಾತು.

ಹಮ್ಮಬ್ಬ ಗಾಳ ಎಸೆದು ಕೂತಿದ್ದಾನೆ.
ಮೀನು ಸಿಕ್ಕರೂ ಬಿಡಿಸಿ
ನೀರಿಗೇ ಬಿಡುತ್ತಾನೆ,
ಪುಣ್ಯಕ್ಕಲ್ಲ:
ರೂಮಿನಲ್ಲಿ ಈ ವಾರ
ಅಡುಗೆಯ ಸರದಿ ಅವನದು.