ಒಳಸೆರಗು

ಕಡಂಗದ ಬೆಳ್ಯಪ್ಪ ಅಂಗಡಿಗೆ ಬಂದದ್ದು
ಕೈಲ್ ಮುಹೂರ್ತ ಕಳೆದ ಮೂರನೇ ಸೋಮವಾರ,
ಕಂಕುಳಲ್ಲಿ ಗೊಬ್ಬರದ ಚೀಲ.
ವಿರಾಜಪೇಟೆಯ ಗಡಿಯಾರ ಕಂಬ ದಾಟಿ
ಹದಿನಾಲ್ಕು ಮೆಟ್ಟಿಲು ಹತ್ತಬೇಕು ನನ್ನಲ್ಲಿಗೆ.
ಹತ್ತಿ, ಉಸಿರು ಬಿಟ್ಟು, ಚೀಲದಿಂದ ತೆಗೆದರು
ಹಳೇ ಪತ್ರಿಕೆಯಲ್ಲಿ ಸುತ್ತಿದ ಕೆಂಪು.

"ಚೇಲೆ ಹೊಲಿದುಕೊಡಿ. ಪುತ್ತರಿಗೆ ಕಟ್ಟಬೇಕು.
ಸೆರಗಿನಿಂದ ಕತ್ತರಿಸಿ, ಜರಿ ಜಾಸ್ತಿ ಇರೋ ಕಡೆಯಿಂದ."
ಹಾಕಿ ಪಂದ್ಯಗಳಿಗೆ ಸೀಟಿ ಊದಿದ ಗಂಟಲು,
ಎರಡನೇ ಮಾತಿಗೆ ಜಾಗವಿಲ್ಲ.

ಮಣೆಯ ಮೇಲೆ ಬಿಡಿಸಿದೆ.
ನಾನು ಮೊಳಕಾಲ್ಮೂರಿನ ಮಗ್ಗದ ಮನೆಯವಳು,
ಸೀರೆಯನ್ನು ಮೊದಲು ಮೂಸಿ ಆಮೇಲೆ ನೋಡುವವಳು:
ಕರಿಮೆಣಸು, ಕರ್ಪೂರ, ಎಲ್ಲೋ ಒಂಚೂರು ಹೊಗೆ.
ಅಂಚಿನುದ್ದ ಗೋಪುರಗಳು, ನಡುವೆ ಒಂದು ಮಾತ್ರ ಕುಳ್ಳು.
ಲಾಳಿ ಹಾಕುವ ಹುಡುಗ ಎಣಿಕೆ ತಪ್ಪಿರಬೇಕು;
ಅಪ್ಪನ ಪಕ್ಕ ಕೂತು ನಾನೂ ಹೀಗೇ ತಪ್ಪಿ
ಕಿವಿ ಹಿಂಡಿಸಿಕೊಂಡಿದ್ದೇನೆ.

ಉಟ್ಟವಳನ್ನು ಸವಕಲಿನಿಂದ ತಿಳಿಯಬಹುದು.
ನಮ್ಮ ಕಡೆ ನೆರಿಗೆ ಮುಂದೆ,
ಹೆಜ್ಜೆ ತಾಗಿ ತಾಗಿ ಪಾದದ ಬಳಿ ಮೊದಲು ಸಾಯುತ್ತದೆ ಅಂಚು.
ಇಲ್ಲಿ ನೆರಿಗೆ ಬೆನ್ನಿಗೆ.
ಕಾವೇರಿ ನುಗ್ಗಿ ಹಿಂದಕ್ಕೆ ತಳ್ಳಿದಳು ಎನ್ನುತ್ತಾರೆ;
ನನ್ನ ಕೇಳಿದರೆ, ಏರು ಹತ್ತುವ ಕಾಲಿಗೆ
ತೊಡರು ಬೇಡವೆಂದು ಯಾರೋ ಜಾಣೆ ತಿರುಗಿಸಿದ್ದು.
ಅಂತೂ ನೇಕಾರ ಮುಂದಕ್ಕೆಂದು ಇಟ್ಟ ಚಿನ್ನ
ಇಲ್ಲಿ ಹಿಂದೆ ಬರುವವರಿಗೆ.

ಕೂತು ಕೂತು ಆ ಜರಿ ಕಪ್ಪಾಗಬೇಕು.
ಈ ಸೀರೆಯದು ನಿನ್ನೆಯದರಂತೆ ಇದೆ.
"ನಿಮ್ಮಾಕೆ ಮದುವೆಮನೆಯಲ್ಲಿ ಕೂತವರೇ ಅಲ್ಲ" ಎಂದೆ.
ಅವರ ಹುಬ್ಬು ಮೇಲೇರಿತು.
"ಕೂರೋದೆಲ್ಲಿ! ವಾಲಗ ಕೇಳಿದರೆ ಮುಗೀತು.
ಎಲ್ಲರೂ ಊಟಕ್ಕೆದ್ದರೂ ಕುಣಿದವಳು ನನ್ನ ದೇಚವ್ವ.
ನಾನು ಕುರ್ಚಿ ಹಿಡಿದು ಕಾಯುತ್ತಿದ್ದೆ."

ಬಲ ಹೆಗಲಿಗೆ ಬರುವಲ್ಲಿ ಪಿನ್ನಿನ ತೂತುಗಳು,
ಜರಡಿಯ ಹಾಗೆ.
ಸೆರಗಿನ ಚಿನ್ನ ಮುಟ್ಟಿದರೆ ಪುಡಿ;
ಬೆಳಕಿಗೆ ಹಿಡಿದರೆ ಅದರೊಳಗಿಂದಲೇ
ಕಂಬದ ಗಡಿಯಾರದಲ್ಲಿ ಹೊತ್ತು ನೋಡಬಹುದು.
"ಇದು ಕತ್ತರಿ ತಾಳಲ್ಲ.
ಪೀಚೆಕತ್ತಿ ಸಿಕ್ಕಿಸಿದರೆ ಕೋಲಾಟದ ಮೊದಲ ಸುತ್ತಿಗೇ ಸೀಳುತ್ತದೆ."

ಕೆಳಗೆ ಗೋಣಿಕೊಪ್ಪದ ಬಸ್ಸು ಹಾರ್ನ್ ಹೊಡೆಯಿತು.

ಇನ್ನೊಂದು ತುದಿ ಬಿಡಿಸಿದೆ.
ಉಡುವಾಗ ಮೊದಲು ಸೊಂಟಕ್ಕೆ ಸಿಕ್ಕಿಸುವ ಒಳಸೆರಗು.
ಚಿನ್ನವಿಲ್ಲ, ಹೂವಿಲ್ಲ.
ಬಿಸಿಲು ಕಾಣದ, ಫೋಟೋಗೆ ಸಿಗದ,
ಮಗ್ಗದಿಂದ ಇಳಿದ ದಿನದ ಕೆಂಪು.
ಬಣ್ಣದ ಹಂಡೆಯಿಂದೆದ್ದ ಅಪ್ಪನ ಮೊಣಕೈ ನೆನಪಾಯಿತು.
ಅದರ ಮೇಲೆ ಅಡ್ಡಕ್ಕೆ ಬೆವರಿನ ಒಂದು ಗೆರೆ,
ಉಪ್ಪಿನ ಬಿಳಿ.

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.
"ಎಲ್ಲಿರುತ್ತದೆ ಇದು?"
"ಒಳಗೆ. ಯಾರಿಗೂ ಕಾಣದಲ್ಲಿ."
"ನನಗೂ ಕಂಡಿಲ್ಲ ಹಾಗಾದರೆ.
ನಲವತ್ತಾರು ವರ್ಷ."
ಬೆರಳು ಆ ಗೆರೆಯ ಮೇಲೆ ನಿಂತಿತ್ತು.

"ಇದನ್ನೇ ಕತ್ತರಿಸಿ."
"ಜರಿಯೇ ಇಲ್ಲ. ಮಂದ್‌ನಲ್ಲಿ ಕೇಳುತ್ತಾರೆ, ಇದೆಂಥ ಚೇಲೆ ಅಂತ."
"ಕೇಳಲಿ."
ಆಮೇಲೆ, ಸೀಟಿಯಿಲ್ಲದ ದನಿಯಲ್ಲಿ:
"ಆ ಗೆರೆ ತೊಳೆಯಬೇಡಿ."

ಅಳತೆಪಟ್ಟಿ ಸುತ್ತಿದೆ. ಮೂವತ್ತಾರು.
ಹೊಟ್ಟೆ ಒಳಗೆಳೆದುಕೊಂಡಿದ್ದಾರೆ, ಗೊತ್ತಾಯಿತು.
"ಉಸಿರು ಬಿಡಿ" ಎಂದೆ.
ತುಸು ಹೊತ್ತು ಬೇಕಾಯಿತು.